ದೂಧಗಂಗೆಯಿಂದ ದೂಧಸಾಗರಕ್ಕೆ: ಕೂಸಿನ ಹಾಲಿನ ಪ್ರಯಾಣ

ಏಪ್ರಿಲ್ ತಿಂಗಳಲ್ಲಿ ಪರೀಕ್ಷೆಗಳು ಮುಗಿಯುತ್ತಲೇ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮನೆಗಳಲ್ಲಿ ಪ್ರಯಾಣದ ಮಾತು ಮೊದಲಾಗುತ್ತದೆ. ಕಬ್ಬಿನ ಹಂಗಾಮು ತೀರಿರುತ್ತದೆ. ಶಾಲೆ ಕಾಲೇಜುಗಳಿಗೆ ಬಿಡುವು. ಹೊರಗೆ ನಾಲ್ವತ್ತು ಡಿಗ್ರಿಯ ಹತ್ತಿರಕ್ಕೆ ಏರುವ ಬಿಸಿಲು. ಗೋವೆಯ ಕಡಲೂ ಕೊಂಕಣದ ತೆಂಗಿನ ತೋಪುಗಳೂ ಇಲ್ಲಿಂದ ಒಂದು ಹಗಲಿನ ದಾರಿ. ನಿಪ್ಪಾಣಿಯವರು ಸಂಕೇಶ್ವರ, ಆಜರಾಗಳನ್ನು ಹಾದು ಅಂಬೋಲಿಯ ಘಟ್ಟವನ್ನು ಇಳಿಯುವರು. ಕಾಗವಾಡ, ರಾಯಬಾಗಗಳ ಕಡೆಯವರಿಗೆ ರೈಲು ಅನುಕೂಲ. ಮೀರಜದಿಂದ ಹೊರಟ ಹಳಿಯು ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳನ್ನು ದಾಟಿ, ಬೆಳಗಾವಿ, ಲೋಂಡಾಗಳ ಮೂಲಕ ಕ್ಯಾಸಲ್ ರಾಕಿಗೆ ಬಂದು, ಅಲ್ಲಿಂದ ದೂಧಸಾಗರದ ಜಲಪಾತದ ಮಗ್ಗುಲಲ್ಲಿಯೇ ಗೋವೆಗೆ ಇಳಿಯುತ್ತದೆ. ಚಿಕ್ಕೋಡಿಯ ಸೀಮೆಯಲ್ಲಿ ಹರಿದು ಕೃಷ್ಣೆಯನ್ನು ಸೇರುವ ನದಿಯ ಹೆಸರು ದೂಧಗಂಗೆ. ಹೀಗೆ ಹಾಲಿನ ಹೊಳೆಯಿಂದ ಹೊರಟು ಹಾಲಿನ ಕಡಲಿಗೆ ಹೋಗುವ ಈ ದಾರಿಯಲ್ಲಿ, ಹಾಲನ್ನೇ ನಂಬಿದ ಒಂದು ಕೂಸೂ ನಮ್ಮ ಜೊತೆಗಿದೆಯೆಂದು ಭಾವಿಸೋಣ.

ಕೂಸಿಗೆ ನಾಲ್ಕು ತಿಂಗಳು. ಕಾರಣಾಂತರದಿಂದ ವೈದ್ಯರ ಸಲಹೆಯಂತೆ ಡಬ್ಬದ ಹಾಲಿನ ಪುಡಿಯ ಮೇಲೆ ಬೆಳೆಯುತ್ತಿದೆ. ತವರಿಗೆ ಬಂದ ಅಕ್ಕನ ಚೀಲವನ್ನು ಕಟ್ಟುವ ಕೆಲಸ ಕಾಲೇಜಿಗೆ ಹೋಗುವ ತಮ್ಮನದೋ ತಂಗಿಯದೋ ಆಗಿರುತ್ತದೆ. ಆಗ ಮನೆಯ ಹಿರಿಯಜ್ಜಿ ಪಡಸಾಲೆಯಿಂದಲೇ ಹೇಳುವಳು: “ಹಾಲು ಕಲಿಸಿ ಥರ್ಮಾಸ್‌ನ್ಯಾಗ ಹಾಕ್ಕೊಳವ್ವಾ, ಹಾದ್ಯಾಗ ಬಿಸಿಬಿಸಿ ಸಿಗತೈತಿ.”

ಅಜ್ಜಿಯ ಮಾತಿನಲ್ಲಿ ಅಕ್ಕರೆಯಿದೆ. ಮೇಲ್ನೋಟಕ್ಕೆ ಜಾಣತನವೂ ಇದೆ. ಆದರೆ ಆ ಮಾತಿನಂತೆ ನಡೆದರೆ ಕೂಸಿನ ಜೀವಕ್ಕೇ ಅಪಾಯ ಬಂದೀತು. ಅದೇಕೆ ಹಾಗೆ, ಬೇರೆ ದಾರಿ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ಇದಕ್ಕೆ ಬೇಕಾದ ಭೌತವಿಜ್ಞಾನವೆಲ್ಲ ಪ್ರೌಢಶಾಲೆಯ ಪುಸ್ತಕದಲ್ಲಿಯೇ ಇದೆ.

ತಾಯಿಯ ಹಾಲು ಮತ್ತು ಡಬ್ಬದ ಹಾಲು

ಮೊದಲಿಗೆ ಒಂದು ಮಾತು. ತಾಯಿಯ ಹಾಲಿಗೆ ಸಮನಾದ ಶಿಶುಆಹಾರ ಬೇರೊಂದಿಲ್ಲ. ಮೊದಲ ಆರು ತಿಂಗಳು ಅದೊಂದೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಪ್ರಯಾಣದ ದೃಷ್ಟಿಯಿಂದ ನೋಡಿದರೂ ಅದರ ಹೆಚ್ಚಳ ಎದ್ದು ಕಾಣುವುದು: ಅದನ್ನು ಕಟ್ಟಿಕೊಳ್ಳಬೇಕಾಗಿಲ್ಲ, ಕಾಯಿಸಬೇಕಾಗಿಲ್ಲ, ಆರಿಸಬೇಕಾಗಿಲ್ಲ. ಭಾರತದಲ್ಲಿ ೧೯೯೨ರ ಕಾನೂನೊಂದು ಶಿಶುಗಳ ಹಾಲುಪುಡಿಗೂ ಹಾಲೂಡಿಸುವ ಬಾಟಲಿಗಳಿಗೂ ಜಾಹೀರಾತು ಕೊಡುವುದನ್ನು ನಿಷೇಧಿಸಿದೆ. ತಾಯಿಯ ಹಾಲೇ ಶ್ರೇಷ್ಠವೆಂಬ ಮಾತನ್ನು ಡಬ್ಬದ ಮೇಲೆ ಅಚ್ಚಿಸಬೇಕೆಂದೂ ವಿಧಿಸಿದೆ.

ಆದರೂ ತಾಯಿಯ ಹಾಲು ದೊರೆಯದ ಕೂಸುಗಳು ಎಲ್ಲ ಕಾಲದಲ್ಲಿಯೂ ಇದ್ದವು. ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್ ೧೮೬೫ರಲ್ಲಿ ಅಂಥ ಶಿಶುಗಳಿಗಾಗಿ ಒಂದು ಆಹಾರವನ್ನು ಸೂಚಿಸಿದನು. ಸ್ವಿಟ್ಸರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ೧೮೬೭ರಲ್ಲಿ ಹಾಲು ಮತ್ತು ಗೋದಿಯ ಹಿಟ್ಟಿನಿಂದ ಇನ್ನೊಂದನ್ನು ತಯಾರಿಸಿದನು. ನಮ್ಮ ದೇಶದಲ್ಲಿ ಹೇರಳವಾಗಿ ಸಿಗುವುದು ಎಮ್ಮೆಯ ಹಾಲು. ಕೊಬ್ಬು ಹೆಚ್ಚಾದ ಆ ಹಾಲಿನಿಂದ ಶಿಶುಆಹಾರವನ್ನು ಮಾಡುವ ವಿಧಾನವನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ರೂಪಿಸಿಕೊಟ್ಟಿತು. ಗುಜರಾತಿನ ಆಣಂದದ ಸಹಕಾರಿ ಡೇರಿ ಅದನ್ನು ಕೈಗೊಂಡು ದೇಶಕ್ಕೆಲ್ಲ ಒದಗಿಸಿತು. ಇಂದು ನಮ್ಮ ಅಕ್ಕನ ಕೈಯಲ್ಲಿರುವ ಡಬ್ಬದ ಹಿಂದೆ ಇಷ್ಟು ಇತಿಹಾಸವಿದೆ.

ಒಣಗಿದ್ದೆಲ್ಲ ಶುದ್ಧವಲ್ಲ

ಹಾಲಿನ ಪುಡಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಇದನ್ನು ಕಂಡು ಅದರಲ್ಲಿ ಸೂಕ್ಷ್ಮಜೀವಿಗಳೇ ಇಲ್ಲವೆಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು. ಪುಡಿ ಕೆಡದಿರುವುದಕ್ಕೆ ಕಾರಣ ಅದರಲ್ಲಿ ನೀರಿಲ್ಲದಿರುವುದು. ನೀರಿಲ್ಲದೆ ಬ್ಯಾಕ್ಟೀರಿಯಗಳು ಬೆಳೆಯಲಾರವು. ಆದರೆ ಸಾಯುವುದೂ ಇಲ್ಲ. ಒಣನೆಲದಲ್ಲಿ ಬಿದ್ದ ಬೀಜದಂತೆ ಮಳೆಗಾಗಿ ಕಾದಿರುತ್ತವೆ. ಕ್ರೋನೊಬ್ಯಾಕ್ಟರ್ ಎಂಬ ರೋಗಾಣುವು ಹೀಗೆ ಹಾಲುಪುಡಿಯಲ್ಲಿ ಅಪರೂಪವಾಗಿ ಉಳಿದುಕೊಳ್ಳಬಲ್ಲದೆಂದು ತಿಳಿದುಬಂದಿದೆ. ದೊಡ್ಡವರಿಗೆ ಅದು ಸಾಮಾನ್ಯವಾಗಿ ಏನನ್ನೂ ಮಾಡದು. ಎಳೆಯ ಶಿಶುಗಳಲ್ಲಿ, ಅದರಲ್ಲಿಯೂ ಎರಡು ತಿಂಗಳು ತುಂಬದವುಗಳಲ್ಲಿ ಮತ್ತು ದಿನ ತುಂಬುವ ಮೊದಲೇ ಹುಟ್ಟಿದವುಗಳಲ್ಲಿ, ರಕ್ತಕ್ಕೂ ಮಿದುಳಿನ ಪೊರೆಗಳಿಗೂ ಸೋಂಕು ತಗುಲಿಸಿ ಪ್ರಾಣಕ್ಕೆ ಎರವಾಗಬಹುದು. ಪುಡಿಯಲ್ಲಿ ಅಲ್ಲದಿದ್ದರೆ ಚಮಚದಲ್ಲಿ, ಬೆರಳಿನಲ್ಲಿ, ಬಾಟಲಿಯ ಮೂಲೆಯಲ್ಲಿ ಬೇರೆ ರೋಗಾಣುಗಳಿರಬಹುದು.

ಪುಡಿಗೆ ನೀರು ಬಿದ್ದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ಅನುಕೂಲವಾದ ಬೆಚ್ಚಗಿನ ಹಾಲಿನಲ್ಲಿ ಒಂದು ಬ್ಯಾಕ್ಟೀರಿಯವು ಅರ್ಧ ಗಂಟೆಗೊಮ್ಮೆ ಎರಡಾಗುವುದೆಂದು ಎಣಿಸಿ. ಎರಡು ಗಂಟೆಯಲ್ಲಿ ನಾಲ್ಕು ಸಲ ದ್ವಿಗುಣವಾಗಿ ೧೬ ಆಯಿತು. ಇದೇನು ಮಹಾ ಎನಿಸಬಹುದು. ಎಂಟು ಗಂಟೆ ಕಾದರೆ ಹದಿನಾರು ಸಲ ದ್ವಿಗುಣವಾಗಿ ೬೫,೫೩೬ ಆಗುತ್ತದೆ! ಚದುರಂಗದ ಮನೆಗಳಲ್ಲಿ ಕಾಳು ಇರಿಸಿದ ಕಥೆಯನ್ನು ಬಲ್ಲವರಿಗೆ ಇದು ಹೊಸತಲ್ಲ. ತಯಾರಿಸಿದ ಹಾಲನ್ನು ಎರಡು ಗಂಟೆಯೊಳಗೆ ಕುಡಿಸಬೇಕು, ಉಳಿದುದನ್ನು ಚೆಲ್ಲಬೇಕು ಎಂಬ ನಿಯಮದ ಹಿಂದಿರುವುದು ಈ ಲೆಕ್ಕವೇ.

ಈ ಬೆಳವಣಿಗೆ ಎಲ್ಲ ಉಷ್ಣತೆಗಳಲ್ಲಿಯೂ ಒಂದೇ ವೇಗದಲ್ಲಿ ಆಗುವುದಿಲ್ಲ. ೫ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಬಹಳ ಮಂದವಾಗುತ್ತದೆ. ೬೦ ಡಿಗ್ರಿಗಿಂತ ಮೇಲೆ ನಿಂತೇಹೋಗುತ್ತದೆ. ೭೦ ಡಿಗ್ರಿಯಲ್ಲಿ ನಾವು ಹೇಳಿದಂಥ ರೋಗಾಣುಗಳು ಬೇಗನೆ ಸಾಯುತ್ತವೆ. ನಡುವಣ ಪ್ರದೇಶವೇ ಅಪಾಯದ ವಲಯ. ಅಜ್ಜಿ ಹೇಳಿದಂತೆ ಕೂಸು ಕುಡಿಯುವ ಹದಕ್ಕೆ, ಎಂದರೆ ೩೭ ಡಿಗ್ರಿಯ ಆಸುಪಾಸಿಗೆ, ಹಾಲನ್ನು ಕಲಸಿ ಥರ್ಮಾಸಿನಲ್ಲಿ ತುಂಬಿದೆವೆನ್ನಿ. ಥರ್ಮಾಸು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿ ಆ ಉಷ್ಣತೆಯನ್ನು ಹಾಗೆಯೇ ಕಾಪಾಡುವುದು. ರೋಗಾಣುಗಳಿಗೆ ಬೇಕಾದುದೂ ಅದೇ. ಕೋಳಿಯು ತತ್ತಿಗೆ ಕಾವು ಕೊಡುವಂತೆ ಥರ್ಮಾಸು ಅವುಗಳಿಗೆ ಕಾವು ಕೊಡುತ್ತದೆ. ಹಾಲನ್ನು ಬೆಚ್ಚಗಿಡುವ ಚೀಲಗಳದೂ ಇದೇ ದೋಷ.

ಥರ್ಮಾಸಿನ ಒಳಗುಟ್ಟು

ಹಾಗೆಂದು ಥರ್ಮಾಸನ್ನು ಮನೆಯಲ್ಲಿ ಬಿಟ್ಟು ಹೊರಡಬೇಕಾಗಿಲ್ಲ. ಅದರಲ್ಲಿ ಏನನ್ನು ತುಂಬಬೇಕೆಂಬುದೇ ಪ್ರಶ್ನೆ.

ಲಂಡನ್ನಿನಲ್ಲಿ ಜೇಮ್ಸ್ ಡ್ಯೂವರ್ ೧೮೯೨ರಲ್ಲಿ ಈ ಪಾತ್ರೆಯನ್ನು ನಿರ್ಮಿಸಿದ್ದು ಚಹವನ್ನು ಬಿಸಿಯಾಗಿಡಲು ಅಲ್ಲ, ಅತಿಶೀತಲವಾದ ದ್ರವಾನಿಲಗಳನ್ನು ಕಾಯ್ದಿರಿಸಲು. ಎರಡು ಗೋಡೆಗಳ ನಡುವಣ ಗಾಳಿಯನ್ನು ತೆಗೆದುಹಾಕಿದ್ದರಿಂದ ವಹನಕ್ಕೂ ಸಂವಹನಕ್ಕೂ ಅಲ್ಲಿ ಮಾಧ್ಯಮವಿಲ್ಲ. ಗೋಡೆಗೆ ಬೆಳ್ಳಿಯ ಲೇಪವಿರುವುದರಿಂದ ವಿಕಿರಣವೂ ಬಹುಮಟ್ಟಿಗೆ ಹಿಂದಿರುಗುತ್ತದೆ. ಬರ್ಲಿನ್ನಿನ ಗಾಜು ಕೆಲಸಗಾರ ರೈನ್‌ಹೋಲ್ಡ್ ಬರ್ಗರ್ ಅದನ್ನು ಮನೆಬಳಕೆಗೆ ಒಗ್ಗಿಸಿದನು. ೧೯೦೪ರಲ್ಲಿ ಅದು ಥರ್ಮಾಸ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಇಂದಿನ ಉಕ್ಕಿನ ಜೋಡಿಗೋಡೆಯ ಬಾಟಲಿಗಳದೂ ಅದೇ ತತ್ತ್ವ. ಬಸ್ಸಿನ ಕುಲುಕಾಟಕ್ಕೆ ಒಡೆಯದಿರುವುದರಿಂದ ಪ್ರಯಾಣಕ್ಕೆ ಅವೇ ಮೇಲು.

ವಿಶ್ವ ಆರೋಗ್ಯ ಸಂಸ್ಥೆಯೂ ಆಹಾರ ಮತ್ತು ಕೃಷಿ ಸಂಸ್ಥೆಯೂ ೨೦೦೭ರಲ್ಲಿ ಕೊಟ್ಟ ಸೂಚನೆ ಹೀಗಿದೆ: ಪುಡಿಯನ್ನು ೭೦ ಡಿಗ್ರಿಗೆ ಕಡಿಮೆಯಿಲ್ಲದ ನೀರಿನಲ್ಲಿ ಕಲಸಬೇಕು, ಅನಂತರ ಆರಿಸಿ ಕುಡಿಸಬೇಕು, ಪ್ರಯಾಣದಲ್ಲಿ ಬಿಸಿನೀರನ್ನೂ ಪುಡಿಯನ್ನೂ ಬೇರೆ ಬೇರೆಯಾಗಿ ಒಯ್ಯುವುದು ಒಳ್ಳೆಯದು. ಕೆಲವು ಡಬ್ಬಗಳ ಮೇಲೆ ಉಗುರುಬೆಚ್ಚಗಿನ ನೀರೆಂದು ಬರೆದಿರುವುದುಂಟು. ಅಂಥಲ್ಲಿ ಹೊರಡುವ ಮೊದಲೇ ವೈದ್ಯರನ್ನು ಕೇಳಿ ನಿಶ್ಚಯಿಸಿಕೊಳ್ಳಬೇಕು.

ಹಾಗಾದರೆ ಥರ್ಮಾಸಿನ ನೀರು ಎಷ್ಟು ಹೊತ್ತು ೭೦ ಡಿಗ್ರಿಗಿಂತ ಮೇಲಿರುತ್ತದೆ? ನ್ಯೂಟನ್ನನ ನಿಯಮ ಇಲ್ಲಿ ನಮಗೆ ನೆರವಾಗುತ್ತದೆ. ವಸ್ತುವಿನ ಉಷ್ಣತೆ ಸುತ್ತಲಿನದಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಅದು ಆರುವ ವೇಗ ಅಷ್ಟಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಸಮಾನ ಅವಧಿಗಳಲ್ಲಿ ಆ ಅಂತರವು ಸಮಾನ ಭಿನ್ನಾಂಶದಿಂದ ಕುಗ್ಗುವುದು. ಉದಾಹರಣೆಗೆ, ಕುದಿದ ನೀರನ್ನು ತುಂಬಿದಾಗ ೯೫ ಡಿಗ್ರಿ, ಸುತ್ತಲಿನ ಗಾಳಿ ೩೫ ಡಿಗ್ರಿ, ಅಂತರ ೬೦. ನಾಲ್ಕು ಗಂಟೆಯ ಮೇಲೆ ನೀರು ೮೦ ಡಿಗ್ರಿಯಾಗಿದ್ದರೆ ಅಂತರ ೪೫, ಎಂದರೆ ಮೊದಲಿನ ಮುಕ್ಕಾಲು. ಇನ್ನೂ ನಾಲ್ಕು ಗಂಟೆ ಕಳೆದರೆ ೪೫ರ ಮುಕ್ಕಾಲು, ಸುಮಾರು ೩೪. ನೀರಿನ ಉಷ್ಣತೆ ಆಗ ೬೯ ಡಿಗ್ರಿ. ಈ ಥರ್ಮಾಸು ಎಂಟು ಗಂಟೆಯ ಪ್ರಯಾಣಕ್ಕೆ ಸಾಲದು.

ವಿದ್ಯಾರ್ಥಿಗಳು ಈ ಪ್ರಯೋಗವನ್ನು ಹೊರಡುವ ಮುನ್ನವೇ ಮನೆಯಲ್ಲಿ ಮಾಡಬಹುದು. ಕುದಿಯುವ ನೀರನ್ನು ತುಂಬಿ, ನಾಲ್ಕು ಗಂಟೆಯ ಮೇಲೆ ಪ್ರಯೋಗಶಾಲೆಯ ಉಷ್ಣತಾಮಾಪಕದಿಂದ ಅಳೆದು, ಉಳಿದುದನ್ನು ಲೆಕ್ಕ ಹಾಕಿರಿ. ಜ್ವರ ನೋಡುವ ಮಾಪಕ ಈ ಕೆಲಸಕ್ಕೆ ಬಾರದು. ಮೂರು ಸಂಗತಿಗಳನ್ನು ಮಾತ್ರ ಮರೆಯಬಾರದು. ಮೊದಲನೆಯದಾಗಿ, ಥರ್ಮಾಸಿಗೆ ಮೊದಲು ಬಿಸಿನೀರನ್ನು ಸುರಿದು, ಒಳಗೋಡೆ ಕಾದ ಮೇಲೆ ಅದನ್ನು ಚೆಲ್ಲಿ, ಕುದಿಯುವ ನೀರನ್ನು ಕಂಠದವರೆಗೂ ತುಂಬಬೇಕು. ಎರಡನೆಯದಾಗಿ, ಅರ್ಧ ತುಂಬಿದ ಪಾತ್ರೆ ಬೇಗ ಆರುತ್ತದೆ. ಮುಚ್ಚಳವನ್ನು ತೆರೆದಾಗಲೆಲ್ಲ ಶಾಖ ಹೊರಹೋಗುತ್ತದೆ. ಆದುದರಿಂದ ದೊಡ್ಡದೊಂದನ್ನು ಮತ್ತೆ ಮತ್ತೆ ತೆರೆಯುವ ಬದಲು ಅರ್ಧ ಲೀಟರಿನ ಎರಡನ್ನು ಒಯ್ದು, ಎರಡನೆಯದನ್ನು ದಾರಿಯ ಉತ್ತರಾರ್ಧಕ್ಕೆ ಮುಚ್ಚಿಯೇ ಇಡುವುದು ಲೇಸು; ಪರೀಕ್ಷೆಯನ್ನೂ ಆ ಪಾತ್ರೆಯಲ್ಲಿಯೇ ಮಾಡಬೇಕು. ಮೂರನೆಯದಾಗಿ, ತಣ್ಣಗಿನ ಬಾಟಲಿಗೆ ಸುರಿದಾಗ ನೀರು ಕೆಲವು ಡಿಗ್ರಿ ಇಳಿಯುತ್ತದೆ. ಆದ್ದರಿಂದ ಥರ್ಮಾಸಿನಲ್ಲಿ ೭೫ ಡಿಗ್ರಿ ಉಳಿಯುವವರೆಗೆ ಮಾತ್ರ ಅದನ್ನು ನಂಬಬೇಕು. ಆಮೇಲೆ ಹೊಸದಾಗಿ, ಕಣ್ಣೆದುರಿಗೇ ಕುದಿಸಿದ ನೀರು ಬೇಕು.

ಹರವಿಯ ನೀರು

ಹಾಲು ಕಲಸಿಯಾಯಿತು. ಕೂಸು ಅಳುತ್ತಿದೆ, ಹಾಲು ೭೦ ಡಿಗ್ರಿಯಲ್ಲಿದೆ. ಈಗ ಬೇಗ ಆರಿಸುವ ಬಗೆ ಹೇಗೆ?

ಬಾಟಲಿಯ ಬಾಯನ್ನು ಮುಚ್ಚಿ ಒಂದು ಬೋಗುಣಿಯ ತಣ್ಣೀರಿನಲ್ಲಿ ನಿಲ್ಲಿಸಬೇಕು. ಎಷ್ಟು ನೀರು ಬೇಕೆಂಬುದು ಮಿಶ್ರಣದ ಲೆಕ್ಕ. ಹಾಲು ೧೨೦ ಮಿಲಿಲೀಟರ್, ೭೦ ಡಿಗ್ರಿ. ಬೋಗುಣಿಯಲ್ಲಿ ೬೦೦ ಮಿಲಿಲೀಟರ್, ೨೮ ಡಿಗ್ರಿ. ಎರಡೂ ಸಮವಾದಾಗ ಉಷ್ಣತೆ ೩೫ ಡಿಗ್ರಿ. ಅದಕ್ಕೆ ಸ್ವಲ್ಪ ಮೊದಲೇ ತೆಗೆದರೆ ಕೂಸಿಗೆ ಹದವಾದ ಹಾಲು. ನೀರು ೨೪ ಡಿಗ್ರಿಯದಾದರೆ ೪೦೦ ಮಿಲಿಲೀಟರೇ ಸಾಕು. ಆದರೆ ಏಪ್ರಿಲ್ಲಿನ ರೈಲುಡಬ್ಬಿಯಲ್ಲಿ ೩೪ ಡಿಗ್ರಿಗೆ ಕಾದ ನೀರನ್ನು ೬೦೦ ಮಿಲಿಲೀಟರ್ ಬಳಸಿದರೂ ಹಾಲು ೪೦ ಡಿಗ್ರಿಯಲ್ಲಿ ನಿಲ್ಲುವುದು. ನೀರನ್ನು ಒಮ್ಮೆ ಬದಲಿಸಬೇಕಾಗುತ್ತದೆ. ಹೊರಮೈಯನ್ನು ಒರಸಿ, ಹಾಲನ್ನು ಕುಲುಕಿ, ಒಂದು ಹನಿಯನ್ನು ಮುಂಗೈಯ ಒಳಮಗ್ಗುಲಿಗೆ ಬಿಟ್ಟು ನೋಡಿದ ಮೇಲೆಯೇ ಕುಡಿಸಬೇಕು.

ನಮ್ಮ ಸೀಮೆಯಲ್ಲಿ ೨೪ ಡಿಗ್ರಿಯ ನೀರಿಗೆ ವಿದ್ಯುತ್ತು ಬೇಡ. ಮಣ್ಣಿನ ಹರವಿ ಸಾಕು. ಹರವಿಯ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಗ್ರಾಮಿಗೆ ಸುಮಾರು ೫೮೦ ಕ್ಯಾಲೊರಿ ಗುಪ್ತೋಷ್ಣವನ್ನು ಸೆಳೆದುಕೊಳ್ಳುತ್ತದೆ. ಆದರೆ ಈ ತಂಪಿಗೂ ಒಂದು ಎಲ್ಲೆಯಿದೆ. ಉಷ್ಣತಾಮಾಪಕದ ಬುಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದಾಗ ಅದು ತೋರಿಸುವ ಉಷ್ಣತೆಗಿಂತ ಕೆಳಗೆ ಹರವಿಯ ನೀರು ಇಳಿಯಲಾರದು. ಅಥಣಿಯ ಒಣ ಮಧ್ಯಾಹ್ನದಲ್ಲಿ ಗಾಳಿ ೪೦ ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ ೨೦ ಇದ್ದರೆ ಈ ಎಲ್ಲೆ ಸುಮಾರು ೨೩ ಡಿಗ್ರಿ. ಗೋವೆಯ ಕಡಲ ದಂಡೆಯಲ್ಲಿ ಗಾಳಿ ೩೪ ಡಿಗ್ರಿ, ಆರ್ದ್ರತೆ ಶೇಕಡ ೭೦ ಇದ್ದರೆ ಸುಮಾರು ೨೯ ಡಿಗ್ರಿ. ಅಲ್ಲಿ ಹದಿನೇಳು ಡಿಗ್ರಿಯ ತಂಪು, ಇಲ್ಲಿ ಐದೇ ಡಿಗ್ರಿ! ಗಾಳಿ ತಾನೇ ತೇವದಿಂದ ತುಂಬಿರುವಲ್ಲಿ ನೀರು ಬೇಗ ಆವಿಯಾಗದು.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಊರಿನಲ್ಲಿ ಒದ್ದೆ ಬಟ್ಟೆಯಿಂದ ಆಗುತ್ತಿದ್ದ ಕೆಲಸವನ್ನು ಕಡಲ ತೀರದಲ್ಲಿ ನಿರೀಕ್ಷಿಸಬಾರದು. ಎರಡನೆಯದು ಇನ್ನೂ ಮುಖ್ಯ: ೨೩ ಡಿಗ್ರಿಯೇ ಆಗಲಿ, ೨೯ ಡಿಗ್ರಿಯೇ ಆಗಲಿ, ಎರಡೂ ಅಪಾಯದ ವಲಯದ ಒಳಗೇ ಇವೆ. ಹರವಿಯು ಹಾಲಿನ ಬಾಟಲಿಯನ್ನು ಆರಿಸಲು ಬರುತ್ತದೆ. ಕಲಸಿದ ಹಾಲನ್ನು ಇಟ್ಟುಕೊಳ್ಳಲು ಬಾರದು. ಅದಕ್ಕೆ ೫ ಡಿಗ್ರಿಯ ಶೀತಪೆಟ್ಟಿಗೆಯೇ ಬೇಕು. ಅಲ್ಲಿಯೂ ೨೪ ಗಂಟೆಯೇ ಮಿತಿ. ಮಂಜುಗಡ್ಡೆಯ ಚೀಲದಲ್ಲಿ ಮೊದಲೇ ಚೆನ್ನಾಗಿ ತಣಿಸಿದ ಹಾಲನ್ನು ಒಯ್ಯಬಹುದಾದರೂ ಎರಡು ಗಂಟೆಗಿಂತ ಹೆಚ್ಚು ಅದನ್ನು ನೆಚ್ಚಬಾರದು.

ಚೀಲದಲ್ಲಿ ಏನೇನು?

ಈಗ ಚೀಲವನ್ನು ಕಟ್ಟೋಣ. ಎಂಟು ಗಂಟೆಯ ದಾರಿಗೆ ಮೂರು ಸಲದ ಹಾಲು ಬೇಕೆಂದು ಎಣಿಸಿದರೆ ಐದು ಸಲಕ್ಕೆ ಆಗುವಷ್ಟನ್ನು ಒಯ್ಯಬೇಕು. ಕ್ಯಾಸಲ್ ರಾಕಿನಿಂದ ಕುಳೆಯವರೆಗಿನ ಘಟ್ಟದ ಇಳಿಜಾರಿನಲ್ಲಿ ರೈಲು ಮೆಲ್ಲನೆ ಸಾಗುತ್ತದೆ; ಕಾಡಿನ ನಡುವೆ ನಿಂತರೆ ಅಲ್ಲಿ ಒಲೆಯೂ ಇಲ್ಲ, ಅಂಗಡಿಯೂ ಇಲ್ಲ. ಒಂದೊಂದು ಸಲದ ಪುಡಿಯನ್ನು ಒಂದೊಂದು ಒಣ ಡಬ್ಬಿಯಲ್ಲಿ ಮನೆಯಲ್ಲಿಯೇ ಅಳೆದು ತುಂಬಬೇಕು. ಡಬ್ಬದೊಳಗಿನ ಚಮಚವನ್ನೇ ಬಳಸಿ, ತಲೆಯನ್ನು ಸವರಿ ಸಮಮಾಡಿ, ಡಬ್ಬದ ಮೇಲೆ ಹೇಳಿದ ಪ್ರಮಾಣಕ್ಕೆ ಸರಿಯಾಗಿ ಅಳೆಯಬೇಕು. ಪುಡಿ ಉಳಿಯಲೆಂದು ತೆಳ್ಳಗೆ ಮಾಡಿದರೆ ಕೂಸು ಸೊರಗುವುದು. ಗಟ್ಟಿಯಾಗಿ ಮಾಡಿದರೆ ಅದರ ಮೂತ್ರಪಿಂಡಗಳಿಗೆ ಹೊರೆ.

ಬಾಟಲಿಗಳನ್ನು ಸಲಕ್ಕೊಂದರಂತೆ ತೊಳೆದು, ನೀರಿನಲ್ಲಿ ಮುಳುಗಿಸಿ ಹತ್ತು ನಿಮಿಷ ಕುದಿಸಿ, ಮುಚ್ಚಿ ಒಯ್ಯಬೇಕು. ಇದಕ್ಕಿಂತ ಸುಲಭವಾದ ಸಾಧನವೊಂದು ನಮ್ಮ ಹಿರಿಯರಲ್ಲಿತ್ತು: ಒಳಲೆ. ಮೂತಿಯುಳ್ಳ ಈ ಪುಟ್ಟ ಬಟ್ಟಲಿಗೆ ಕಿರಿದಾದ ಕುತ್ತಿಗೆಯಿಲ್ಲ, ರಬ್ಬರಿನ ತೊಟ್ಟಿಲ್ಲ, ಹಾಲಿನ ಅಂಟು ಅಡಗುವ ಮೂಲೆಯಿಲ್ಲ. ಬೆರಳು ಮುಟ್ಟದ ಜಾಗವೇ ಅದರಲ್ಲಿಲ್ಲದಿರುವುದರಿಂದ ತೊಳೆಯುವುದು ಸುಲಭ. ಬಾಟಲಿಗಿಂತ ಬಟ್ಟಲು ಲೇಸೆಂದು ಇಂದಿನ ಶಿಶುತಜ್ಞರೂ ಹೇಳುತ್ತಾರೆ. ಹೊಸ ವಿಜ್ಞಾನವು ಹಳೆಯ ಪಾತ್ರೆಯನ್ನು ಎತ್ತಿಹಿಡಿದ ಉದಾಹರಣೆಗಳಲ್ಲಿ ಇದೂ ಒಂದು. ಆದರೆ ಕೂಸಿಗೆ ಅದರ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಿಸಿರಬೇಕು.

ಇವುಗಳ ಜೊತೆಗೆ ಬೋಗುಣಿ, ಸಾಬೂನು, ಒಗೆದ ಅರಿವೆಗಳು, ತೆಳುವಾದ ಹತ್ತಿಯ ಅಂಗಿಗಳು. ಓ.ಆರ್.ಎಸ್. ಪೊಟ್ಟಣಗಳೂ ಇರಲಿ. ೧೯೭೧ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪುಸಕ್ಕರೆಗಳ ಇಂಥ ದ್ರಾವಣದಿಂದಲೇ ಕಾಲರಾ ರೋಗಿಗಳ ಪ್ರಾಣವನ್ನು ಉಳಿಸಿ ತೋರಿಸಿದರು. ಕೂಸಿಗೆ ಭೇದಿಯಾದರೆ ವೈದ್ಯರ ಸಲಹೆಯಂತೆ ಅದನ್ನು ಕೊಡಬೇಕು. ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಬಿಸಿಲೆಂದು ಆರು ತಿಂಗಳು ತುಂಬದ ಕೂಸಿಗೆ ಬರಿಯ ನೀರನ್ನು ಕುಡಿಸುವುದು ಸರಿಯಲ್ಲ. ಅದಕ್ಕೆ ಬೇಕಾದ ನೀರು ಹಾಲಿನಲ್ಲಿಯೇ ಇದೆ; ಬಿಸಿಲಿದ್ದರೆ ಹಾಲನ್ನೇ ಹೆಚ್ಚು ಸಲ ಕೊಡಬೇಕು.

ಕೂಸಿನ ಮೈಯೂ ಒಂದು ಭೌತವಸ್ತುವೇ. ಗಾತ್ರ ಕಿರಿದಾದಂತೆ ತೂಕಕ್ಕೆ ಹೋಲಿಸಿದ ಮೈಹರಹು ಹೆಚ್ಚುತ್ತದೆ. ಐದು ಕಿಲೋಗ್ರಾಮಿನ ಕೂಸಿಗೆ ಕಿಲೋಗ್ರಾಮಿಗೆ ಇರುವ ಚರ್ಮದ ಹರಹು ದೊಡ್ಡವರಿಗಿಂತ ಸುಮಾರು ಎರಡು ಪಟ್ಟು. ಸುತ್ತಲಿನ ಗಾಳಿ ಮೈಗಿಂತ ಬಿಸಿಯಾಗಿದ್ದರೆ ಶಾಖವು ಅಷ್ಟೇ ಬೇಗ ಒಳಸೇರುತ್ತದೆ. ಬೆವರಿನ ತಂಪು ಹರವಿಯ ತಂಪಿನಂತೆಯೇ ಕಡಲ ತೀರದಲ್ಲಿ ಕುಂದುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿ ಗಾಜು ಮುಚ್ಚಿದ ಮೋಟಾರಿನ ಒಳಗಡೆ ಒಂದು ಗಂಟೆಯಲ್ಲಿ ಹೊರಗಿಗಿಂತ ಸುಮಾರು ಇಪ್ಪತ್ತು ಡಿಗ್ರಿ ಹೆಚ್ಚಾಗಬಹುದು. ಆದುದರಿಂದ ಚಹ ಕುಡಿದು ಬರುವಷ್ಟು ಹೊತ್ತು ಕೂಡ ಕೂಸನ್ನು ಅಲ್ಲಿ ಬಿಟ್ಟು ಹೋಗಬಾರದು. ಹಾಲುಪುಡಿಯ ಡಬ್ಬವನ್ನೂ ಅಲ್ಲಿಡುವುದು ಒಳ್ಳೆಯದಲ್ಲ.

ರೈಲು ಘಟ್ಟವನ್ನಿಳಿಯುತ್ತ ದೂಧಸಾಗರದ ಬಳಿ ನಿಂತಿದೆಯೆನ್ನಿ. ಕೂಸು ಎಚ್ಚೆತ್ತು ಅಳತೊಡಗಿತು. ಅಕ್ಕ ಕೈ ತೊಳೆದುಕೊಂಡಳು, ತಮ್ಮ ಎರಡನೆಯ ಥರ್ಮಾಸನ್ನು ಮೊದಲ ಬಾರಿಗೆ ತೆರೆದನು, ಆವಿ ಮೇಲೆದ್ದಿತು. ನೀರು, ಆಮೇಲೆ ಪುಡಿ, ಆಮೇಲೆ ಬೋಗುಣಿ. ಕೆಲವು ನಿಮಿಷಗಳಲ್ಲಿ ಅಳು ನಿಂತಿತು. ಥರ್ಮಾಸು ಬೇಕೆಂದ ಅಜ್ಜಿಯ ಮಾತು ಸುಳ್ಳಾಗಲಿಲ್ಲ. ಅದರೊಳಗೆ ಇರಬೇಕಾದುದು ಹಾಲಲ್ಲ, ಕುದಿದ ನೀರು. ಊರಿಗೆ ಹಿಂದಿರುಗಿದ ಮೇಲೆ ಅಜ್ಜಿಗೆ ಇಷ್ಟನ್ನು ತಿಳಿಸಿ ಹೇಳಿದರಾಯಿತು.